ನೀರಿನೊಳಗಿನ ನಿಮಿಷಕ್ಕೆ ಎಷ್ಟು ರೂಪಾಯಿ?

ಅಡಿಕೆ ಮಾರಿದ ದುಡ್ಡು ಕೈಗೆ ಬಂದರೆ ಚನ್ನಗಿರಿ ಸೀಮೆಯಲ್ಲಿ ಟೂರಿನ ಮಾತು ಏಳುತ್ತದೆ. ಈಚೆಗೆ ಮುರ್ಡೇಶ್ವರದ ಹೆಸರು ಹೆಚ್ಚು: ಹಿರಿಯರಿಗೆ ದೇವರ ದರ್ಶನ, ಹುಡುಗರಿಗೆ ನೇತ್ರಾಣಿಯಲ್ಲಿ ಸ್ಕೂಬಾ. ಹೊನ್ನಾಳಿಯ ಭಾವ, ನ್ಯಾಮತಿಯ ಸಹೋದ್ಯೋಗಿ, ಜಗಳೂರಿನ ಗೆಳೆಯ, ಎಲ್ಲರ ಮನೆಯವರೂ ಸೇರಿ ಟಿ.ಟಿ. ಮಾಡಿಕೊಂಡು ಹೊರಟಾಗ ಖರ್ಚಿನ ಲೆಕ್ಕ ನನ್ನ ತಲೆಗೆ ಬಂತು.

ನೇತ್ರಾಣಿ ದ್ವೀಪ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಕಡಲಲ್ಲಿದೆ, ದೋಣಿಯಲ್ಲಿ ಒಂದೂವರೆ ತಾಸು. ಮಳೆಗಾಲದಲ್ಲಿ ಡೈವಿಂಗ್ ಬಂದ್. ಮೊದಲ ಸಲ ಇಳಿಯುವವರಿಗೆ ಈಜು ಬರಲೇಬೇಕೆಂದಿಲ್ಲ, ತರಬೇತುದಾರ ಹಿಡಿದುಕೊಂಡೇ ಇಳಿಸುತ್ತಾನೆ.

ಡೈವಿಂಗ್ ಶಾಲೆಗಳಿಗೆ ಫೋನ್ ಮಾಡಿದರೆ ಒಂದು ಕಡೆ ತಲೆಗೆ 3,500 ಎಂದರು, ಇನ್ನೊಂದು ಕಡೆ 5,500. ‘ಎರಡೂ ಅದೇ ನೀರಲ್ವೇನಪ್ಪ, ಅಗ್ಗದ್ದೇ ಮಾಡು’ ಎಂದರು ಭಾವ. ಆದರೆ ಹಸಿ ಅಡಿಕೆಯ ತೂಕ ನೋಡಿ ನಮ್ಮಲ್ಲಿ ಯಾರೂ ಲಾಭ ಎಣಿಸುವುದಿಲ್ಲ. ಬೇಯಿಸಿ ಒಣಗಿಸಿದ ಮೇಲೆ ಎಷ್ಟು ಉಳಿಯಿತು ಎಂಬುದೇ ಲೆಕ್ಕ. ಹಾಗಾಗಿ ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದೆ: ನೀರಿನೊಳಗೆ ಎಷ್ಟು ನಿಮಿಷ? ಅಗ್ಗದವರದು 10 ನಿಮಿಷ, ವಿಡಿಯೊಗೆ ಬೇರೆ 800. ಅಂದರೆ ನಿಮಿಷಕ್ಕೆ 430 ರೂಪಾಯಿ. ಇನ್ನೊಬ್ಬರದು ವಿಡಿಯೊ, ಊಟ ಎಲ್ಲ ಸೇರಿ 25 ನಿಮಿಷ, ನಿಮಿಷಕ್ಕೆ 220. ಭಾವ ಮತ್ತೆ ಮಾತಾಡಲಿಲ್ಲ.

ಇನ್ನೂ ಕೆಲವನ್ನು ಕೇಳಲೇಬೇಕು. ಒಬ್ಬ ತರಬೇತುದಾರನಿಗೆ ಎಷ್ಟು ಜನ? ಅವನಿಗೆ ಪಾಡಿ ಅಥವಾ ಎಸ್‌ಎಸ್‌ಐಯಂಥ ಸಂಸ್ಥೆಯ ಪ್ರಮಾಣಪತ್ರ ಇದೆಯೇ? ದೋಣಿಯಲ್ಲಿ ತುರ್ತಿಗೆ ಆಮ್ಲಜನಕ ಇದೆಯೇ? ಕಡಲು ಕೆಟ್ಟು ದೋಣಿ ಹೊರಡದಿದ್ದರೆ ಅಡ್ವಾನ್ಸ್ ವಾಪಸ್ಸೋ, ಬರೀ ತಾರೀಖು ಬದಲೋ? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಇಳಿಯುವ ಮುಂಚೆ ಆರೋಗ್ಯದ ಫಾರಂ ತುಂಬಿಸುತ್ತಾರೆ. ಜಗಳೂರಿನ ಗೆಳೆಯನಿಗೆ ಉಬ್ಬಸ. ‘ಇಲ್ಲ ಅಂತ ಟಿಕ್ ಹಾಕಿದ್ರಾಯ್ತು ಬಿಡೋ’ ಎಂದವನು ಹೆಂಡತಿ ಕಣ್ಣು ಬಿಟ್ಟ ಮೇಲೆ ನಿಜ ಬರೆದ. ಡಾಕ್ಟರ್ ಸಹಿ ಇಲ್ಲದೆ ಇಳಿಸುವುದಿಲ್ಲವೆಂದು ಶಾಲೆಯವರು ಅವನ ಹಣ ಅಲ್ಲೇ ಎಣಿಸಿ ಕೊಟ್ಟರು. ಬಂದ ಗಿರಾಕಿಯನ್ನು ವಾಪಸ್ ಕಳಿಸುವ ಧೈರ್ಯ ಇರುವ ಕಡೆ ದುಡ್ಡು ಕೊಡಲು ನನಗೆ ಹಿಂಜರಿಕೆಯಿಲ್ಲ.

ವಿಮೆಯನ್ನೂ ನೋಡಿಕೊಳ್ಳಿ. ಆರೋಗ್ಯ ವಿಮೆಯ ಸಾಮಾನ್ಯ ಷರತ್ತಿನಲ್ಲಿ ಪರಿಹಾರ ಸಿಗದ ಸಾಹಸ ಕ್ರೀಡೆಗಳ ಸಾಲಿನಲ್ಲಿ ಸ್ಕೂಬಾ ಹೆಸರೂ ಇದೆ. ಆದರೆ ಅದು ವೃತ್ತಿಯಾಗಿ ಮಾಡುವವರಿಗೆ ಎಂದಿದೆ. ಅಪಘಾತ ವಿಮೆಯ ಷರತ್ತು ಬೇರೆಯಿರಬಹುದು. ಏಜೆಂಟರ ಬಾಯಿಮಾತು ಸಾಲದು, ಕಂಪನಿಯಿಂದ ಇಮೇಲ್ ತರಿಸಿ.

ಕೊನೆಯ ಖರ್ಚು ಯಾರ ಕೊಟೇಶನ್‌ನಲ್ಲೂ ಇರುವುದಿಲ್ಲ. ನೀರಿನ ಒತ್ತಡದಲ್ಲಿ ಉಸಿರಾಡಿದಾಗ ಮೈಯಲ್ಲಿ ನೈಟ್ರೋಜನ್ ಕರಗುತ್ತದೆ. ಕೂಡಲೇ ಎತ್ತರಕ್ಕೆ ಏರಿದರೆ ಅದು ಗುಳ್ಳೆಯಾಗಿ ಕಾಡಬಹುದು. ಒಂದೇ ಡೈವ್ ಮಾಡಿದವರೂ 12 ಗಂಟೆಯಾದರೂ ವಿಮಾನ ಹತ್ತಬಾರದು ಎನ್ನುತ್ತಾರೆ ತಜ್ಞರು. ನಮಗೆ ವಿಮಾನವಿಲ್ಲ, ಊರಿಗೆ ಮರಳುವ ದಾರಿಯಲ್ಲಿ ಗೇರುಸೊಪ್ಪೆ ಘಟ್ಟವಿದೆ. ಒಂದು ರಾತ್ರಿಯ ರೂಮಿನ ಬಾಡಿಗೆಯನ್ನೂ ಡೈವಿಂಗ್ ಲೆಕ್ಕಕ್ಕೇ ಬರೆದುಕೊಳ್ಳಿ. ಘಟ್ಟ ಮರುದಿನ ಹತ್ತಿದರಾಯಿತು.