ಕುರ್ಚಿಯ ಭಯವೋ, ಕರ್ತನ ಭಯವೋ? – ನಾಯಕರ ಜ್ಞಾನಕ್ಕಾಗಿ ಪ್ರಾರ್ಥನೆ

ಓದುವ ವಾಕ್ಯಭಾಗಗಳು: 1 ತಿಮೊಥೆಯನಿಗೆ 2:1-4, 1 ಅರಸು 3:5-14, ಯಾಕೋಬ 1:5

ನಿಮ್ಮಲ್ಲಿ ತುಂಬ ಜನ ಬೆಂಗಳೂರು, ಮೈಸೂರಲ್ಲಿ ಕೆಲಸದಲ್ಲಿದ್ದೀರಿ. ಎಲೆಕ್ಷನ್ ಬಂದರೆ, ಹಬ್ಬ ಬಂದರೆ ಬಸ್ ಹತ್ತಿ ಊರಿಗೆ ಬರ್ತೀರಿ. ನಾನು ಕಾಮಗೆರೆ ಕಡೆಯವನು. ಅದಕ್ಕೇ ಇವತ್ತಿನ ಪಾಠವನ್ನ ನಮ್ಮ ಜಿಲ್ಲೆಯ ಒಂದು ಕಥೆಯಿಂದಲೇ ಶುರು ಮಾಡ್ತೀನಿ.

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳ್ಕೊಳ್ತಾರೆ ಅನ್ನೋ ಮಾತು ನಿಮಗೆಲ್ಲ ಗೊತ್ತು. ದೇವರಾಜ ಅರಸು ಅವರ ಕಾಲದಿಂದ ಈ ಮಾತು ಹಬ್ಬಿತು. ಎಷ್ಟರಮಟ್ಟಿಗೆ ಅಂದರೆ, 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ನಮ್ಮ ಹೊಸ ಜಿಲ್ಲೆ ಆದಾಗ, ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನ ಉದ್ಘಾಟನೆ ಮಾಡಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಆಮೇಲೆ 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಬೇಕೆಂದೇ ಮತ್ತೆ ಮತ್ತೆ ಬಂದು ಹೋದರು. 2018ರವರೆಗೆ ಐದು ವರ್ಷ ಪೂರ್ತಿ ಮಾಡಿದರು. ಇದನ್ನ ಒಂದು ಪಕ್ಷವನ್ನ ಹೊಗಳೋಕೆ ಹೇಳ್ತಿಲ್ಲ. ನನ್ನ ಪ್ರಶ್ನೆ ಬೇರೆ.

ಅಷ್ಟು ವರ್ಷ ಆ ಊರಿನ ಜನ ಏನು ತಪ್ಪು ಮಾಡಿದ್ದರು? ಅವರಿಗೂ ರಸ್ತೆ ಬೇಕಿತ್ತು, ಆಸ್ಪತ್ರೆ ಬೇಕಿತ್ತು. ಆದರೆ ರಾಜ್ಯ ಆಳುವವರು ಬಂದು ಅವರ ಮುಖ ನೋಡೋಕೆ ಹೆದರಿದರು. ನೋಡಿ, ನಾಯಕನೊಬ್ಬನ ಹೃದಯದಲ್ಲಿ ಕುರ್ಚಿಯ ಭಯ ಕೂತರೆ ಅದರ ದಂಡ ಕಟ್ಟೋದು ಜನ. ಕರ್ತನ ಭಯವೇ ಜ್ಞಾನದ ಆರಂಭ ಅಂತ ಜ್ಞಾನೋಕ್ತಿ ನಮಗೆ ಕಲಿಸುತ್ತೆ. ಹಾಗಾದರೆ ಬೇರೆ ಭಯಗಳು ಜ್ಞಾನವನ್ನ ತಿಂದುಹಾಕ್ತವೆ. ನಾಯಕರಿಗೆ ಯಾವ ಭಯ ಇದೆ ಅನ್ನೋದು ನಮಗೆ ಸಂಬಂಧಪಡದ ವಿಷಯ ಅಲ್ಲ. ಅದು ಪ್ರಾರ್ಥನೆಯ ವಿಷಯ.

1. ಏನು ಕೇಳಬೇಕು? ಕೇಳುವ ಹೃದಯ

ಗಿಬ್ಯೋನಿನಲ್ಲಿ ಕರ್ತನು ಕನಸಿನಲ್ಲಿ ಸೊಲೊಮೋನನಿಗೆ ಕಾಣಿಸಿಕೊಂಡು, ನಿನಗೇನು ಬೇಕು ಕೇಳು ಅಂದನು. ಹೊಸದಾಗಿ ಪಟ್ಟಕ್ಕೆ ಬಂದವನು. ದೀರ್ಘಾಯುಷ್ಯ ಕೇಳಬಹುದಿತ್ತು, ಐಶ್ವರ್ಯ ಕೇಳಬಹುದಿತ್ತು, ವೈರಿಗಳ ಪ್ರಾಣ ಕೇಳಬಹುದಿತ್ತು. ಆತನು ಮೊದಲು ಒಪ್ಪಿಕೊಂಡದ್ದು ಏನು ಗೊತ್ತಾ? ನಾನು ಚಿಕ್ಕವನು, ಈ ಜನರನ್ನ ನಡೆಸೋದು ನನಗೆ ಗೊತ್ತಿಲ್ಲ ಅಂತ. ಆಮೇಲೆ ಕೇಳಿದ್ದನ್ನ ಇಬ್ರಿಯ ಮೂಲದಲ್ಲಿ ನೋಡಿದರೆ ‘ಕೇಳಿಸಿಕೊಳ್ಳುವ ಹೃದಯ’ ಅನ್ನೋ ಅರ್ಥ ಬರುತ್ತೆ. ನನಗೆ ಇದು ಬೈಬಲ್ ಕಾಲೇಜಿನಲ್ಲಿ ಕಲಿತಾಗಿನಿಂದ ಮನಸ್ಸಲ್ಲಿ ನಿಂತಿದೆ. ಜ್ಞಾನ ಅಂದರೆ ಚೆನ್ನಾಗಿ ಭಾಷಣ ಮಾಡೋ ಬಾಯಲ್ಲ, ಕೇಳಿಸಿಕೊಳ್ಳೋ ಕಿವಿ.

ಅದೇ ಅಧ್ಯಾಯದಲ್ಲಿ ಮುಂದೆ ಅರಸನ ಮುಂದೆ ನಿಂತವರು ಯಾರು? ದೊಡ್ಡ ಮನುಷ್ಯರಲ್ಲ. ಸಮಾಜದಲ್ಲಿ ಬೆಲೆಯೇ ಇಲ್ಲದ ಇಬ್ಬರು ಹೆಂಗಸರು. ಅರಸನು ಅವರ ಮಾತನ್ನ ಪೂರ್ತಿ ಕೇಳಿದನು, ಒಂದು ಮಗುವಿನ ಜೀವ ಉಳಿಯಿತು. ಆದರೆ ಆತನ ಮಗ ರೆಹಬ್ಬಾಮನು ಹಿರಿಯರ ಬುದ್ಧಿಮಾತು ತಳ್ಳಿಬಿಟ್ಟು, ಜೊತೆಗಾರರ ಮಾತು ಕೇಳಿ ಜನರ ಮೇಲೆ ಇನ್ನೂ ಭಾರ ಹಾಕ್ತೀನಿ ಅಂದನು. ರಾಜ್ಯವೇ ಎರಡು ತುಂಡಾಯಿತು. ತಂದೆ ಕೇಳಿಸಿಕೊಂಡನು, ಮಗ ಕೇಳಿಸಿಕೊಳ್ಳಲಿಲ್ಲ.

2024ರ ಏಪ್ರಿಲ್ 26, ಲೋಕಸಭಾ ಚುನಾವಣೆ ದಿನ. ನಮ್ಮ ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಏನಾಯ್ತು ನೆನಪಿದೆಯಾ? ಕಾಡೊಳಗಿನ ಊರು. ಮೂಲಸೌಕರ್ಯ ಇಲ್ಲ ಅಂತ ಜನ ಮತದಾನ ಬಹಿಷ್ಕಾರ ಹಾಕಿದರು. ಅಧಿಕಾರಿಗಳು ಮತ ಹಾಕಿಸೋಕೆ ಹೋದಾಗ ಗಲಾಟೆಯಾಗಿ ಮತಯಂತ್ರವೇ ಒಡೆದುಹೋಯ್ತು. ಏಪ್ರಿಲ್ 29ಕ್ಕೆ ಮರುಮತದಾನ ಮಾಡಬೇಕಾಯ್ತು. ಒಡೆದದ್ದು ಸರಿ ಅಂತ ನಾನು ಹೇಳಲ್ಲ. ಆದರೆ ಯೋಚನೆ ಮಾಡಿ: ಯಾರೂ ಕೇಳಿಸಿಕೊಳ್ಳಲಿಲ್ಲ ಅನ್ನೋ ನೋವು ಎಷ್ಟು ವರ್ಷ ಒಳಗೇ ಇದ್ದರೆ ಜನ ಆ ಮಟ್ಟಕ್ಕೆ ಹೋಗ್ತಾರೆ? ಆದ್ದರಿಂದ ನಾಯಕರಿಗಾಗಿ ಪ್ರಾರ್ಥಿಸುವಾಗ ‘ಕರ್ತನೇ, ಆಶೀರ್ವದಿಸು’ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಕರ್ತನೇ, ಇವರ ಕಿವಿ ತೆರೆ. ಬೆಟ್ಟದ ಮೇಲಿನ ಕೂಗು ವಿಧಾನಸೌಧದಲ್ಲಿ ಕೇಳಿಸಲಿ ಅಂತ ಪ್ರಾರ್ಥಿಸಿ.

2. ಯಾರಿಗಾಗಿ? ನಮಗೆ ಹಿಡಿಸದವರಿಗಾಗಿಯೂ

ಪೌಲನು ತಿಮೊಥೆಯನಿಗೆ ಬರೆಯುವಾಗ ಎಲ್ಲಾ ಮನುಷ್ಯರಿಗಾಗಿ, ಅರಸರಿಗಾಗಿ, ಅಧಿಕಾರದಲ್ಲಿರುವ ಎಲ್ಲರಿಗಾಗಿ ವಿಜ್ಞಾಪನೆ ಮಾಡಬೇಕು ಅಂತ ಮೊಟ್ಟಮೊದಲಾಗಿ ಬೋಧಿಸ್ತಾನೆ. ಆಗ ರೋಮ್ ಸಿಂಹಾಸನದ ಮೇಲೆ ಕೂತಿದ್ದವನು ನೀರೋ. ಸಭೆಯನ್ನ ಹಿಂಸಿಸಿದವನು. ಪೌಲನಿಗೆ ಅವನಿಗೆ ಮತ ಹಾಕೋ ಅವಕಾಶವೂ ಇರಲಿಲ್ಲ, ಇಳಿಸೋ ಅವಕಾಶವೂ ಇರಲಿಲ್ಲ. ಪ್ರಾರ್ಥಿಸೋ ಅವಕಾಶ ಇತ್ತು. ಅದನ್ನ ಬಿಡಲಿಲ್ಲ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಕಾನೂನು ಬಂದಾಗ ನಾವೆಲ್ಲ ಉಪವಾಸ ಪ್ರಾರ್ಥನೆ ಮಾಡಿದೆವು. ಕಣ್ಣೀರಿಟ್ಟೆವು. ಆದರೆ ನಾನು ಆಗ ಏನು ಪ್ರಾರ್ಥಿಸಿದೆ ಅಂತ ಈಗ ತಿರುಗಿ ನೋಡಿದರೆ, ನಮ್ಮನ್ನ ಕಾಪಾಡು, ನಮ್ಮ ಸಭೆ ಕಾಪಾಡು, ನಮ್ಮ ವೈರಿಗಳನ್ನ ತಗ್ಗಿಸು ಅಂತಲೇ. ಆ ಕಾನೂನು ಬರೆದವರಿಗೆ ಜ್ಞಾನ ಕೊಡು, ಅವರ ಮನೆಮಕ್ಕಳನ್ನ ಆಶೀರ್ವದಿಸು ಅಂತ ಒಂದು ಸಲವೂ ಬಾಯಿಂದ ಬರಲಿಲ್ಲ. ಸೊಲೊಮೋನನು ವೈರಿಗಳ ಪ್ರಾಣ ಕೇಳಲಿಲ್ಲ ಅಂತ ಕರ್ತನು ಮೆಚ್ಚಿದ್ದನ್ನ ನಾನು ಎಷ್ಟೋ ಸಲ ಬೋಧಿಸಿದ್ದೆ. ಬೋಧಿಸಿದ್ದು ನನ್ನ ಮಂಡಿಯವರೆಗೆ ಇಳಿದಿರಲಿಲ್ಲ.

ಇನ್ನೊಂದು ಸಲ ನಮ್ಮ ಬೀದಿಯ ಚರಂಡಿ ವಿಷಯಕ್ಕೆ ಒಬ್ಬ ಪಂಚಾಯ್ತಿ ಸದಸ್ಯರ ಮೇಲೆ ಸಿಟ್ಟು ಬಂದು, ಮನೆಕೂಟ ಮುಗಿದ ಮೇಲೂ ಬೈತಾ ಕೂತಿದ್ದೆ. ನಮ್ಮ ಕೂಟಕ್ಕೆ ಬರೋ ವಯಸ್ಸಾದ ಅಮ್ಮ ಒಬ್ಬರು, ಓದು ಬರಹ ಇಲ್ಲ, ಸುಮ್ಮನೆ ಕೇಳಿಸಿಕೊಂಡು ಅಂದರು: “ಬೈಯ್ಯೋದೆಲ್ಲ ಬೈದ್ರಿ ಕನಪ್ಪ ಪಾಸ್ಟ್ರೇ. ಆ ಮನ್ಸನ್ಗೋಸ್ಕರ ಒಂದ್ಸಾರಿನಾದ್ರೂ ಮಂಡಿ ಊರಿದ್ರಾ?” ನನ್ನ ಬಾಯಿ ಕಟ್ಟಿಹೋಯ್ತು. ಆ ರಾತ್ರಿ ಪ್ರಾರ್ಥನೆ ಮಾಡಿದೆ. ಬೆಳಗ್ಗೆ ಅವರ ಮನೆಗೇ ಹೋದೆ. ಪ್ರಾರ್ಥಿಸಿದ ಮೇಲೆ ಬೈಯ್ಯೋಕೆ ಬಾಯಿ ಬರಲಿಲ್ಲ, ಮಾತಾಡೋಕೆ ಬಂತು. ಚರಂಡಿ ಒಂದೇ ದಿನಕ್ಕೆ ಆಗಿಬಿಡ್ತು ಅಂತ ಸಾಕ್ಷಿ ಹೇಳಲ್ಲ, ತಿಂಗಳುಗಟ್ಟಲೆ ಓಡಾಡಿದೆವು. ಆದರೆ ಮೊದಲು ಬದಲಾದದ್ದು ನಾನು.

ವಾಟ್ಸಾಪ್‌ನಲ್ಲಿ ಯಾವ ನಾಯಕರ ಬಗ್ಗೆ ಅತಿ ಹೆಚ್ಚು ಟ್ರೋಲ್ ಫಾರ್ವರ್ಡ್ ಮಾಡಿದ್ದೀರಿ? ಅವರ ಹೆಸರನ್ನೇ ನಿಮ್ಮ ಪ್ರಾರ್ಥನೆ ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳಿ.

3. ಇದರಿಂದ ಏನಾದರೂ ಬದಲಾಗುತ್ತಾ?

ಜ್ಞಾನೋಕ್ತಿ 21:1ರಲ್ಲಿ ಅರಸನ ಹೃದಯವು ಕರ್ತನ ಕೈಯಲ್ಲಿ ನೀರಿನ ಕಾಲುವೆಗಳ ಹಾಗೆ ಇದೆ ಅನ್ನೋ ಸತ್ಯ ಇದೆ. ನೀರು ಕಟ್ಟಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಗುಂಡಾಲ್ ಜಲಾಶಯದಲ್ಲಿ ಎಷ್ಟೇ ನೀರಿದ್ದರೂ ತೂಬು ಎತ್ತದೆ ಇದ್ದರೆ ಗದ್ದೆಗೆ ಬರಲ್ಲ. ಗದ್ದೆಗೆ ಬಂದ ಮೇಲೂ ರೈತ ಗುದ್ದಲಿಯಲ್ಲಿ ಒಂದು ಹೆಂಟೆ ಮಣ್ಣು ತೆಗೆದು ಇನ್ನೊಂದು ಕಡೆ ಹಾಕಿದರೆ ಸಾಕು, ನೀರು ದಾರಿ ಬದಲಿಸುತ್ತೆ. ನಾವು ನೂಕಿದರೆ ನೀರು ಹೋಗಲ್ಲ. ಗುದ್ದಲಿ ಕರ್ತನ ಕೈಯಲ್ಲಿದೆ. ನಾವು ಆತನನ್ನ ಕೂಗ್ತೀವಿ.

ನನ್ನೊಬ್ಬನ ಪ್ರಾರ್ಥನೆಯಿಂದ ಏನಾಗುತ್ತೆ ಅಂತೀರಾ? 2004ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಪಕ್ಕದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದದ್ದು, ಎ.ಆರ್. ಕೃಷ್ಣಮೂರ್ತಿ ಅವರು ಸೋತದ್ದು ಒಂದೇ ಒಂದು ಮತದಿಂದ. ಮನುಷ್ಯರ ಲೆಕ್ಕದಲ್ಲೇ ಒಂದು ಅನ್ನೋದಕ್ಕೆ ಅಷ್ಟು ಬೆಲೆ ಇದ್ದರೆ, ಕರ್ತನ ಸನ್ನಿಧಿಯಲ್ಲಿ ಒಬ್ಬ ವಿಶ್ವಾಸಿಯ ಮೊರೆ ಲೆಕ್ಕಕ್ಕೆ ಬಾರದೆ ಹೋಗುತ್ತಾ?

ಆದರೆ ಎಚ್ಚರಿಕೆ. ಪ್ರಾರ್ಥನೆ ಅಂದರೆ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳೋ ದಾರಿ ಅಲ್ಲ. ದಾನಿಯೇಲನು ಸ್ನೇಹಿತರ ಜೊತೆ ರಾತ್ರಿ ಪ್ರಾರ್ಥಿಸಿದನು, ಆಮೇಲೆ ಅರಸನ ಮುಂದೆ ಹೋಗಿ ಸತ್ಯ ಹೇಳಿದನು. ಮಂಡಿ ಊರಿ, ಎದ್ದು ಹೋಗಿ ಮತವನ್ನೂ ಹಾಕಿ. ಕಾಸು ತಗೊಂಡು ಮತ ಹಾಕಿದವನು ನ್ಯಾಯವಾದ ನಾಯಕನನ್ನ ಕೊಡು ಅಂತ ಯಾವ ಬಾಯಲ್ಲಿ ಕೇಳ್ತಾನೆ? ಗ್ರಾಮಸಭೆಗೆ ಹೋಗಿ, ಅರ್ಜಿ ಬರೆದುಕೊಡಿ, ತಪ್ಪನ್ನ ಗೌರವದಿಂದಲೇ ತಪ್ಪು ಅನ್ನಿ.

ಇನ್ನೊಂದು ವಿಷಯ. ಜ್ಞಾನ ಪಡೆದ ಸೊಲೊಮೋನನೇ ಮುದಿವಯಸ್ಸಿನಲ್ಲಿ ದಾರಿ ತಪ್ಪಿದನು. ಆದ್ದರಿಂದ ಎಲೆಕ್ಷನ್ ಮುಗೀತು ಅಂತ ಪ್ರಾರ್ಥನೆ ನಿಲ್ಲಿಸಬೇಡಿ. ಆಫೀಸಿನಲ್ಲಿ ನಿಮ್ಮ ಟೀಮ್ ಲೀಡರ್, ಊರಲ್ಲಿ ಪಿಡಿಓ, ಸಭೆಯಲ್ಲಿ ನಿಮ್ಮ ಪಾಸ್ಟರ್, ಎಲ್ಲರಿಗೂ ಇದು ಬೇಕು. ನನಗೂ ಬೇಕು.

ಈ ವಾರ ಮಾಡಬೇಕಾದದ್ದು

ಸೋಮವಾರ ನಿಮ್ಮ ವಾರ್ಡ್ ಅಥವಾ ಪಂಚಾಯ್ತಿ ಸದಸ್ಯರು, ಮಂಗಳವಾರ ತಹಸೀಲ್ದಾರ್ ಮತ್ತು ಜಿಲ್ಲಾಧಿಕಾರಿ, ಬುಧವಾರ ಶಾಸಕರು, ಗುರುವಾರ ಸಂಸದರು, ಶುಕ್ರವಾರ ಮುಖ್ಯಮಂತ್ರಿ ಮತ್ತು ಪ್ರಧಾನಮಂತ್ರಿ, ಶನಿವಾರ ಸಭಾನಾಯಕರು. ದಿನಕ್ಕೆ ಐದೇ ನಿಮಿಷ. ಹೆಸರು ಹಿಡಿದು ಪ್ರಾರ್ಥಿಸಿ. ಹೆಸರು ಗೊತ್ತಿಲ್ಲದಿದ್ದರೆ ತಿಳ್ಕೊಳ್ಳಿ, ಅದೂ ಪ್ರಾರ್ಥನೆಯ ಭಾಗವೇ. ಯಾಕೋಬ 3:17 ತೆರೆದಿಟ್ಟುಕೊಂಡು, ಮೇಲಿನಿಂದ ಬರುವ ಜ್ಞಾನದ ಗುಣಗಳನ್ನ ಒಂದೊಂದಾಗಿ ಅವರಿಗಾಗಿ ಕೇಳಿ: ಶುದ್ಧತೆ, ಸಮಾಧಾನ, ಕರುಣೆ, ಪಕ್ಷಪಾತ ಇಲ್ಲದಿರುವಿಕೆ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಾವು ಬೈದ ಬಾಯಿಗಳನ್ನ ಕ್ಷಮಿಸು. ನಮ್ಮನ್ನ ಆಳುವವರ ಹೃದಯದಿಂದ ಕುರ್ಚಿಯ ಭಯ ತೆಗೆದು ನಿನ್ನ ಭಯ ಇಡು. ಬಡವರ ಮಾತು ಕೇಳಿಸಿಕೊಳ್ಳುವ ಕಿವಿ ಕೊಡು. ಕಾಮಗೆರೆಗೂ ಇಂಡಿಗನತ್ತಕ್ಕೂ ಬೆಂಗಳೂರಿಗೂ ನಿನ್ನ ಸಮಾಧಾನ ಬರಲಿ. ಅವರೂ ನಿನ್ನ ರಕ್ಷಣೆಯನ್ನ ಕಾಣಲಿ. ಯೇಸುವಿನ ನಾಮದಲ್ಲಿ ಬೇಡ್ತೀವಿ ತಂದೆಯೇ, ಆಮೆನ್.