ಸ್ಕ್ವಾಶ್ ಗಿಡ ಬಾಡಿದರೆ ಮೊದಲು ಬುಡ ನೋಡಿ

ಅಮೆರಿಕದ ಪೂರ್ವ ಭಾಗದಲ್ಲಿ ಜುಲೈ ಬಂತೆಂದರೆ ಹಿತ್ತಿಲಲ್ಲಿ ತರಕಾರಿ ಬೆಳೆಯುವ ನಮಗೆಲ್ಲ ಒಂದೇ ಚಿಂತೆ. ನಿನ್ನೆವರೆಗೂ ನಳನಳಿಸುತ್ತಿದ್ದ ಜುಕಿನಿ ಇವತ್ತು ಬಾಡಿ ಮಲಗಿದೆ, ಏನಾಯ್ತು? ಕೈ ತಾನಾಗೇ ನೀರಿನ ಪೈಪಿಗೆ ಹೋಗುತ್ತೆ. ಸ್ವಲ್ಪ ತಡೀರಿ. ಮಣ್ಣು ಹಸಿಯಾಗಿದ್ದರೆ ಇನ್ನಷ್ಟು ನೀರು ಹಾಕಿ ಬೇರು ಕೊಳೆಸಿದಂತಾದೀತು.

ಮಣ್ಣಿಗೆ ಬೆರಳು ಇಳಿಸಿ ನೋಡೋಣ. ಎರಡು ಅಂಗುಲ ಕೆಳಗೂ ಒಣಗಿದ್ದರೆ ಅದು ಬರೀ ಬಾಯಾರಿಕೆ. ಹಸಿಯಾಗಿದ್ದರೆ ಮಾರನೇ ದಿನ ಬಿಸಿಲೇರುವ ಮುಂಚೆ ಮತ್ತೊಮ್ಮೆ ನೋಡಬೇಕು. ಸ್ಕ್ವಾಶ್ ಎಲೆ ಊಟದ ತಟ್ಟೆಯಷ್ಟು ಅಗಲ. ಸುಡು ಮಧ್ಯಾಹ್ನ ಅದು ಆವಿಯಾಗಿಸುವಷ್ಟು ನೀರನ್ನು ಬೇರು ಒದಗಿಸಲಾರದು. ಸಂಜೆಗೆ ತಲೆ ಎತ್ತಿದರೆ ಬಹುಶಃ ಚಿಂತೆಯಿಲ್ಲ. ಬೆಳಗ್ಗೆಯೂ ಬಾಡಿಯೇ ಇದ್ದರೆ ನೀರಿನ ದಾರಿ ಎಲ್ಲೋ ಕೆಟ್ಟಿದೆ. ಎರಡರಲ್ಲಿ ಯಾವುದಾದರೂ ಬುಡ ನೋಡದೆ ಬಿಡಬೇಡಿ, ಕಾಂಡಕೊರಕವೂ ಶುರುವಿನಲ್ಲಿ ಮಧ್ಯಾಹ್ನ ಮಾತ್ರ ಬಾಡಿಸುತ್ತೆ.

ಬುಡದಲ್ಲಿ ಒದ್ದೆ ಗರಗಸದ ಹೊಟ್ಟಿನಂಥ ಪುಡಿ ಕಂಡರೆ ಹುಳು ಒಳಗಿದೆ. ಪುಡಿ ಅದರ ಹಿಕ್ಕೆ. ಇದರ ತಾಯಿ ಪತಂಗವಾದರೂ ಹಗಲಲ್ಲೇ ಹಾರುತ್ತೆ. ಕಿತ್ತಳೆ ಹೊಟ್ಟೆ ನೋಡಿ ಕಣಜ ಅಂದುಕೊಂಡು ನಾವೇ ದೂರ ಸರಿಯುತ್ತೇವೆ! ಚೂಪಾದ ಚಾಕುವಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ, ಬಿಳಿ ಹುಳು ತೆಗೆದು, ಆ ಜಾಗಕ್ಕೆ ಒದ್ದೆ ಮಣ್ಣು ಮುಚ್ಚಿ. ಕೆಲವು ಗಿಡ ಅಲ್ಲೇ ಹೊಸ ಬೇರು ಬಿಟ್ಟು ಬದುಕಿಕೊಳ್ಳುತ್ತವೆ.

ಬುಡ ಚೊಕ್ಕಟವಾಗಿದ್ದೂ ಒಂದೊಂದೇ ಎಲೆ ಬಾಡುತ್ತಾ ಹೋದರೆ? ಹಳದಿ ಮೈಯ ಕಪ್ಪು ಪಟ್ಟೆ ಜೀರುಂಡೆಗಳನ್ನು ಹುಡುಕಿ. ಎಲೆ ಕಚ್ಚಿದ ಗಾಯದ ಮೂಲಕ ಅವು ಎರ್ವಿನಿಯಾ ಟ್ರಾಕಿಫಿಲಾ ಎಂಬ ಬ್ಯಾಕ್ಟೀರಿಯಾ ಹರಡುತ್ತವೆ. ಅದು ನೀರಿನ ನಾಳದಲ್ಲೇ ಬೆಳೆದು ನಾಳವನ್ನು ಕಟ್ಟಿಬಿಡುತ್ತೆ. ಬಾಡಿದ ಕಾಂಡವನ್ನು ಕತ್ತರಿಸಿ, ಎರಡು ತುದಿಗಳನ್ನು ಹತ್ತು ಸೆಕೆಂಡು ಒತ್ತಿಹಿಡಿದು ನಿಧಾನ ಎಳೆಯಿರಿ. ಬೆಲ್ಲದ ಪಾಕದಂತೆ ಎಳೆ ಬಂದರೆ ಅದು ಸೊರಗು ರೋಗ. ಸೌತೆಯಲ್ಲಿ ಈ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತೆ. ಸ್ಕ್ವಾಶ್‌ನಲ್ಲಿ ಎಳೆ ಬರದಿದ್ದರೂ ರೋಗ ಇಲ್ಲ ಅನ್ನುವಂತಿಲ್ಲ. ಇದಕ್ಕೆ ಔಷಧವಿಲ್ಲ. ಎಷ್ಟೇ ಹೊಟ್ಟೆ ಉರಿದರೂ ಗಿಡ ಕಿತ್ತು ತೋಟದಾಚೆ ಹಾಕಿ, ಜೀರುಂಡೆ ಪಕ್ಕದ ಸೌತೆಗೆ ಅದನ್ನು ಒಯ್ಯುವ ಮುಂಚೆ.

ಕೊರಕದ ಕಾಟ ವರ್ಷವೂ ಇದ್ದರೆ ಬಟರ್‌ನಟ್ ಬೆಳೆಯಿರಿ. ಅದರ ಗಟ್ಟಿ ಕಾಂಡ ಹುಳುವಿಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಸಿಹಿಕುಂಬಳವೂ ಇದೇ ಪ್ರಭೇದ, ಕುಕುರ್ಬಿಟಾ ಮೊಸ್ಕಾಟಾ. ಹಾಗಾಗಿ ಬಟರ್‌ನಟ್ ಹಾಕಿದ ಹುಳಿ ನಾಲಗೆಗೆ ಹೊಸದೇನೂ ಅನ್ನಿಸದು.