ಹರಿದ ಪುಟಕ್ಕೆ ಟೇಪು ಹಚ್ಚುವ ಮೊದಲು

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳ ಮುಂದೆ ಅರ್ಧ ಗಂಟೆ ನಿಂತು ಹತ್ತು ಪುಸ್ತಕ ತಿರುವಿ ನೋಡಿ. ನಮ್ಮ ಮನೆಗಳಲ್ಲಿ ಪುಸ್ತಕವನ್ನು ಹೇಗೆ ಇಟ್ಟುಕೊಳ್ಳುತ್ತೇವೆ ಎಂಬುದು ಅಲ್ಲೇ ತಿಳಿಯುತ್ತದೆ. ರಟ್ಟಿನ ಒಳಗೆ ಕಂದುಗಟ್ಟಿದ ಟೇಪಿನ ಪಟ್ಟಿ, ಮೊದಲ ಹಾಳೆಯ ಮೇಲೆ ಕುಂಕುಮ, ನಡುವೆ ಎಂದೋ ಇಟ್ಟ ಪತ್ರಿಕೆಯ ತುಣುಕು, ಆ ತುಣುಕಿನ ಅಳತೆಗೆ ಸರಿಯಾಗಿ ಎರಡು ಪುಟಗಳ ಮೇಲೂ ಕಲೆ. ಹುಳು ತಿಂದ ಪುಸ್ತಕಗಳೂ ಇರುತ್ತವೆ, ನಿಜ. ಆದರೆ ನಾನು ಕಂಡಂತೆ ಹುಳು ಕೆಡಿಸಿದ್ದಕ್ಕಿಂತ ಅಕ್ಕರೆ ಕೆಡಿಸಿದ್ದೇ ಹೆಚ್ಚು. ಓದುಗರು ಮತ್ತೆ ಮತ್ತೆ ಅದೇ ತಪ್ಪುಗಳನ್ನು ಮಾಡುತ್ತಿರುವುದರಿಂದ ಈ ಬರಹ.

ಮೊದಲು ಜಾಗದ ವಿಚಾರ. ನಗರ್ತಪೇಟೆ, ಬಳೇಪೇಟೆ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಪುಸ್ತಕ ಇರುವುದು ಹೆಚ್ಚಾಗಿ ಗೋಡೆಯಲ್ಲೇ ಕೂರಿಸಿದ ಬೀರುವಿನಲ್ಲಿ, ಇಲ್ಲವೇ ಅಟ್ಟದ ಮೇಲಿನ ಟ್ರಂಕಿನಲ್ಲಿ. ಸುಣ್ಣದ ಗಾರೆಯ ಗೋಡೆ ನೆಲದ ತೇವವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಗಾಳಿಯ ತೇವಾಂಶ ಶೇ 65–70 ದಾಟಿ ಕೆಲವು ದಿನ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಪುಸ್ತಕದ ಸಾಲಿಗೂ ಹಿಂದಿನ ಗೋಡೆಗೂ ನಡುವೆ ಎರಡು ಅಂಗುಲ ಬಿಡಿ. ನೆಲಕ್ಕೆ ತಾಗಿದ ಅರೆಯಲ್ಲಿ ಪುಸ್ತಕ ಬೇಡ. ಬೆರಳು ತೂರದಷ್ಟು ಬಿಗಿಯಾಗಿ ತುರುಕಬೇಡಿ. ದಪ್ಪ ನಿಘಂಟು, ದೊಡ್ಡ ಅಳತೆಯ ಪುರಾಣದ ಸಂಪುಟಗಳನ್ನು ಮಲಗಿಸಿ ಇಡಿ, ಒಂದರ ಮೇಲೊಂದು ಮೂರಕ್ಕಿಂತ ಹೆಚ್ಚು ಬೇಡ. ಪುಸ್ತಕವನ್ನು ಹೊರಗೆಳೆಯುವಾಗ ಬೆನ್ನಿನ ತುದಿಗೆ ಬೆರಳು ಕೊಕ್ಕೆ ಹಾಕಿ ಎಳೆಯುವವರೇ ಎಲ್ಲ. ಅಕ್ಕಪಕ್ಕದ ಎರಡನ್ನು ಸ್ವಲ್ಪ ಒಳಗೆ ತಳ್ಳಿ, ಬೇಕಾದದ್ದರ ನಡುಬೆನ್ನು ಹಿಡಿದು ತೆಗೆಯಿರಿ.

ವರ್ಷಕ್ಕೆ ಒಂದೆರಡು ಸಲವಾದರೂ ಧೂಳು ಹೊಡೆಯಬೇಕು. ಬೆಂಗಳೂರಿನ ಮಳೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಜೋರಾಗಿರುವುದರಿಂದ ದಸರೆಯ ಸಡಗರದಲ್ಲಿ ಮಾಡುವ ಬದಲು ದೀಪಾವಳಿ ಕಳೆದ ಮೇಲೆ ಮಾಡುವುದು ಮೇಲು. ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಮೆತ್ತನೆಯ ಬ್ರಷ್ಷಿನಿಂದ ಮೇಲಂಚನ್ನು ಬೆನ್ನಿನ ಕಡೆಯಿಂದ ಹೊರಕ್ಕೆ ಗುಡಿಸಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಆಮೇಲೆ ಪುಟಗಳನ್ನು ಬಿಡಿಸಿ ಒಂದು ಗಂಟೆ ಫ್ಯಾನಿನ ಕೆಳಗೆ ನಿಲ್ಲಿಸಿ. ರೇಷ್ಮೆ ಸೀರೆಯ ಜೊತೆಗೇ ಪುಸ್ತಕವನ್ನೂ ತಾರಸಿಗೆ ಒಯ್ದು ಬಿಸಿಲಿಗೆ ಹರಡುವ ಪದ್ಧತಿ ಇದೆ. ಅದು ಬೇಡ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಅಂಶ ಉಳಿದಿರುತ್ತದೆ, ಬಿಸಿಲು ಬಿದ್ದರೆ ಅದು ಹಳದಿಗೆ ತಿರುಗಿ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಪತ್ರಿಕೆಯ ಕಾಗದದಲ್ಲಿ ಈ ಅಂಶ ಇನ್ನೂ ಹೆಚ್ಚು. ಈ ಲೇಖನವನ್ನು ಕತ್ತರಿಸಿಡುವವರು ಫೈಲಿನಲ್ಲಿ ಇಡಿ, ಪುಸ್ತಕದ ಒಳಗಂತೂ ಇಡಬೇಡಿ.

ನುಸಿಗುಳಿಗೆಯ ಬಗ್ಗೆ ಒಂದು ಎಚ್ಚರಿಕೆ. ತೆರೆದ ಅರೆಯಲ್ಲಿ ಅದರಿಂದ ಪ್ರಯೋಜನ ಕಡಿಮೆ, ಮುಚ್ಚಿದ ಬೀರುವಿನಲ್ಲಿ ಅದರ ಆವಿಯನ್ನು ಉಸಿರಾಡುವವರು ನೀವೇ. ಹಸುಗೂಸಿರುವ ಮನೆಯಲ್ಲಿ ಇಡಲೇಬಾರದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ, ಅಂಥವರಲ್ಲಿ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಬಜೆಯನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಇಡುವುದು ಓಲೆಗರಿಯ ಕಾಲದಿಂದ ಬಂದ ರೂಢಿ, ಅದು ಇರಲಿ. ಬೇವಿನ ಸೊಪ್ಪು ಇಡುವುದಾದರೆ ಗರಗರ ಒಣಗಿರಲಿ, ಹಸಿ ಸೊಪ್ಪು ತೇವವನ್ನೇ ಒಳಗೆ ತರುತ್ತದೆ. ಇನ್ನೊಂದು ಮಾತು: ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ಹಸ್ತಪ್ರತಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆಂದು ಕೇಳಿ ಮನೆಯ ಪುಸ್ತಕಕ್ಕೂ ಎಣ್ಣೆ ಸವರಿದವರಿದ್ದಾರೆ. ಆ ಎಣ್ಣೆ ತಾಳೆಗರಿಗೆ. ಕಾಗದಕ್ಕೆ ಎಣ್ಣೆ ಬಿದ್ದರೆ ಕಲೆ ಹೋಗುವುದೇ ಇಲ್ಲ.

ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಸರಸ್ವತಿಯನ್ನು ಆವಾಹನೆ ಮಾಡಿ ಪುಸ್ತಕಗಳನ್ನು ಪೂಜೆಗೆ ಇಡುವುದು ನಮ್ಮ ಮನೆಗಳ ಒಳ್ಳೆಯ ಸಂಪ್ರದಾಯ. ಅದನ್ನು ಬಿಡಿ ಎಂದು ಹೇಳುತ್ತಿಲ್ಲ. ಪುಸ್ತಕಗಳನ್ನು ಮಡಿ ಬಟ್ಟೆಯಲ್ಲಿ ಸುತ್ತಿ, ಅರಿಸಿನ ಕುಂಕುಮ ಹೂವು ಅಕ್ಷತೆ ಎಲ್ಲವನ್ನೂ ಆ ಬಟ್ಟೆಯ ಮೇಲೆ ಏರಿಸಿ. ದೀಪ ಒಂದು ಮೊಳ ದೂರವಿರಲಿ. ಓಲೆಗರಿ ಬರೆಯುತ್ತಿದ್ದವರೇ ಗ್ರಂಥದ ಕೊನೆಗೆ ಎಣ್ಣೆ, ನೀರು, ಸಡಿಲ ಕಟ್ಟು ಇವುಗಳಿಂದ ಕಾಪಾಡಿ ಎಂದು ಬೇಡಿಕೊಂಡು ಬರೆಯುತ್ತಿದ್ದರು.

ಇನ್ನು ಟೇಪು. ಹರಿದ ಪುಟ ಕಂಡ ಕೂಡಲೇ ಕೈ ಹೋಗುವುದು ಅದಕ್ಕೇ. ಹಚ್ಚಿದ ದಿನ ಚೆನ್ನಾಗಿಯೇ ಕಾಣುತ್ತದೆ, ಕೇಡು ಇರುವುದು ಅಲ್ಲೇ. ಕೆಲವು ವರ್ಷಗಳಲ್ಲಿ ಅಂಟು ಮೆತ್ತಗಾಗಿ ಕಾಗದದ ನಾರಿನೊಳಗೆ ಇಳಿಯುತ್ತದೆ, ಪುಟದ ಹಿಂಬದಿಗೂ ಹಾಯುತ್ತದೆ, ಕೆಲವು ಶಾಯಿ ಕದಡುತ್ತದೆ. ಮುಂದೆ ಅದೇ ಅಂಟು ಗಟ್ಟಿಯಾಗಿ ಕಂದಾಗುತ್ತದೆ, ಪ್ಲಾಸ್ಟಿಕ್ ಪಟ್ಟಿ ತಾನಾಗಿ ಕಳಚಿ ಬೀಳುತ್ತದೆ. ಆಗ ಹರಿದದ್ದು ಹರಿದೇ ಇರುತ್ತದೆ, ಜೊತೆಗೆ ಅಳಿಸಲಾಗದ ಕಲೆ ಬೇರೆ. ಹಾಲುಬಣ್ಣದ ‘ಮ್ಯಾಜಿಕ್’ ಟೇಪು ನಿಧಾನವಾಗಿ ಕೆಡುತ್ತದೆ ಎಂಬುದೊಂದೇ ವ್ಯತ್ಯಾಸ. ಫೆವಿಕಾಲೂ ಬೇಡ. ಅದು ಒಣಗಿ ಬಿರುಸಾದ ಮೇಲೆ ಹಾಳೆ ಅಂಟಿನ ಗೆರೆಯ ಪಕ್ಕದಲ್ಲೇ ಮಡಚಿ ಹರಿಯುತ್ತದೆ, ಬಿಡಿಸೋಣವೆಂದರೆ ನೀರಿಗೆ ಬಗ್ಗುವುದಿಲ್ಲ. ನೆನಪಿಡಬೇಕಾದ ಅಳತೆಗೋಲು ಒಂದೇ: ಇವತ್ತು ಮಾಡಿದ ರಿಪೇರಿಯನ್ನು ನಾಳೆ ಬರೀ ನೀರಿನಿಂದ ಬಿಡಿಸಲು ಆಗಬೇಕು.

ಹಾಗಾದರೆ ಏನು ಮಾಡಬೇಕು? ಒಂದು ಚಮಚ ಮೈದಾವನ್ನು ಐದಾರು ಚಮಚ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಹೊಳಪು ಬರುವವರೆಗೆ ಕಾಯಿಸಿ. ಆರಿದ ಮೇಲೆ ತೆಳುಬಟ್ಟೆಯಲ್ಲಿ ಸೋಸಿ. ಆ ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ. ಬೈಂಡಿಂಗ್ ಮಾಡುವವರು ಹುಳು ಬಾರದಿರಲೆಂದು ಇದಕ್ಕೆ ಮೈಲುತುತ್ತ ಹಾಕುತ್ತಾರೆ, ಮನೆಯಲ್ಲಿ ಹಾಕಬೇಡಿ: ಅದು ವಿಷ, ಮೇಲಾಗಿ ತಾಮ್ರದ ಅಂಶ ಕಾಗದವನ್ನು ಸವೆಸುತ್ತದೆ. ಕಲಾಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಜಪಾನೀ ಟಿಶ್ಯೂ ಕಾಗದದಿಂದ ಸಣ್ಣ ಪಟ್ಟಿ ತೆಗೆಯಿರಿ. ಕತ್ತರಿಯಿಂದ ಕತ್ತರಿಸದೆ, ನೀರಿನ ಗೆರೆ ಎಳೆದು ಕೈಯಿಂದ ಹರಿಯಿರಿ. ಹರಿದ ಅಂಚಿನ ನಾರು ಪುಟಕ್ಕೆ ಕಚ್ಚಿಕೊಳ್ಳುತ್ತದೆ. ಪಟ್ಟಿಗೆ ಅಂಟನ್ನು ಸವರಿದಂತೆ ಕಾಣದಷ್ಟು ತೆಳ್ಳಗೆ ಹಚ್ಚಿ, ಹರುಕಿನ ಮೇಲೆ ಕೂರಿಸಿ, ಕೆಳಗೆ ಮೇಲೆ ಬೆಣ್ಣೆ ಕಾಗದ ಇಟ್ಟು ರಾತ್ರಿಯಿಡೀ ತೂಕ ಹೇರಿ. ಅಂಟು ಹೆಚ್ಚಾದರೆ ಪುಟ ಸುಕ್ಕಾಗುತ್ತದೆ, ಮೊದಲ ಸಲ ಕೈ ಹಾಕುವವರು ಎಲ್ಲರೂ ಹೆಚ್ಚೇ ಹಚ್ಚುತ್ತಾರೆ. ಮೊದಲು ರದ್ದಿ ಕಾಗದದಲ್ಲಿ ಮಾಡಿ ನೋಡಿ.

ಈಗಾಗಲೇ ಟೇಪು ಹಚ್ಚಿದ್ದರೆ ಕೀಳಲು ಹೋಗಬೇಡಿ, ಅಕ್ಷರವೂ ಜೊತೆಗೇ ಬರುತ್ತದೆ. ಪೆಟ್ರೋಲು, ಥಿನ್ನರು ಎಂದು ಪ್ರಯೋಗ ಬೇಡ. ಅಂಟುಅಂಟಾಗಿದ್ದರೆ ಎದುರು ಪುಟಕ್ಕೆ ಹತ್ತದಂತೆ ಬೆಣ್ಣೆ ಕಾಗದ ಸೇರಿಸಿ ಮುಚ್ಚಿಡಿ. ಪುಸ್ತಕ ಬಲು ಅಪರೂಪದ್ದಾದರೆ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರದವರನ್ನು ಕೇಳಿ.

ಉಳಿದ ಜಾಗದಲ್ಲಿ ಮೂರು ಮಾತು. ಬೈಂಡಿಂಗಿಗೆ ಕೊಡುವಾಗ ‘ಕಟಿಂಗ್ ಬೇಡ, ಸೈಡ್ ಹೊಲಿಗೆ ಬೇಡ, ಫಾರಂ ಫಾರಂ ಬಿಡಿಸಿ ನಡುವೆ ಹೊಲಿಯಿರಿ’ ಎಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೇ ಇಟ್ಟು ಕೊಡಿ. ಬಾಯಿಮಾತು ಕಟಿಂಗ್ ಮಷೀನಿನವರೆಗೆ ತಲುಪುವುದಿಲ್ಲ, ಅಜ್ಜನ ಕೈಬರಹದ ಟಿಪ್ಪಣಿ ಅಂಚಿನ ಜೊತೆ ಕಸಕ್ಕೆ ಹೋಗುತ್ತದೆ. ಹಳೇ ಪುಸ್ತಕ ಕೊಂಡು ತಂದರೆ ನೇರ ಬೀರುವಿಗೆ ಸೇರಿಸಬೇಡಿ. ಒಳಗೆ ಹುಳುವಿದ್ದರೆ ಸಾಯಲೆಂದು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ, ಹೊರತೆಗೆದು ಒಂದು ದಿನ ಕಳೆದ ಮೇಲೆ ಚೀಲ ಬಿಚ್ಚಿ. ಮಳೆನೀರು ನುಗ್ಗಿ ನೆನೆದ ಪುಸ್ತಕವನ್ನು ಒತ್ತಿ ಹಿಂಡದೆ ನಿಲ್ಲಿಸಿ, ಅಲ್ಲಲ್ಲಿ ಹೀರುವ ಕಾಗದ ಸೇರಿಸಿ ಫ್ಯಾನು ಹಾಕಿ, ಕಾಗದವನ್ನು ಆಗಾಗ ಬದಲಿಸಿ. ಎರಡು ದಿನದೊಳಗೆ ಬೂಷ್ಟು ಶುರುವಾಗುತ್ತದೆ. ಅಷ್ಟರಲ್ಲಿ ಎಲ್ಲವನ್ನೂ ಒಣಗಿಸಲು ಆಗದಿದ್ದರೆ ಉಳಿದವನ್ನು ಒದ್ದೆಯಿರುವಂತೆಯೇ ಚೀಲದಲ್ಲಿ ಹಾಕಿ ಫ್ರೀಜರಿಗೆ ಸೇರಿಸಿ, ಒಂದೊಂದಾಗಿ ತೆಗೆದು ಒಣಗಿಸಬಹುದು.